ತೀರ್ಪಿನ ಮರುದಿನ

೧೪ ಜನವರಿ ೨೦೨೫, ಮಂಗಳವಾರ

ಸಂಕ್ರಾಂತಿ. ಕ್ವೀನ್ಸ್‌ಬರಿ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಸಿಕ್ಕಿತು. ಬೀರುವುದಕ್ಕೆ ಯಾರ ಮನೆಯೂ ಇಲ್ಲ. ಅಡುಗೆಮನೆಯ ಕಿಟಕಿಯ ಮುಂದೆ ನಿಂತು ನಾನೇ ಅರ್ಧ ತಿಂದೆ. ಲಕ್ಷ್ಮೀಶ ಬಿಟ್ಟುಹೋಗಿ ಮುಂದಿನ ತಿಂಗಳಿಗೆ ನಾಲ್ಕು ವರ್ಷ. ಡಿವೋರ್ಸಿನಲ್ಲಿ ಫ್ಲಾಟು ನನಗೆ ಬಂತು, ಪರಿಚಯದವರೆಲ್ಲ ಅವನ ಪಾಲಿಗೆ ಹೋದರು.

ಸಂಜೆ ಆರೂವರೆಗೆ ಕಿಂಗ್ಸ್‌ಬರಿಯಲ್ಲಿ ಲೈಬ್ರರಿಯ ಮಹಡಿಯ ಮೇಲೆ ಕ್ಲಾಸು. ದೊಡ್ಡವರಿಗಾಗಿ ನಡೆಸುವ ಪಾಠ, ಹತ್ತು ಮಂಗಳವಾರ, ನಡುವೆ ಒಂದು ವಾರ ರಜೆ. ಜಲವರ್ಣ ಚಿತ್ರಕಲೆಗೆ ಜಾಗ ಭರ್ತಿಯಾಗಿತ್ತು. ಉಳಿದದ್ದು ರಷ್ಯಾದ ಕೊನೆಯ ತ್ಸಾರ್ ಚಕ್ರವರ್ತಿಗಳು, ಅವರ ಸುಧಾರಣೆ ಮತ್ತು ಅದರ ಹಿನ್ನಡೆ. ವಾರಕ್ಕೊಂದು ದಿನ ಮನೆಗೆ ಎರಡು ಗಂಟೆ ತಡವಾಗಿ ಬಂದರೆ ಸಾಕು ಅನ್ನಿಸಿ ಹೆಸರು ಕೊಟ್ಟೆ. ಒಟ್ಟು ಏಳು ಜನ. ಪಾಠ ಮಾಡುವವರು ಮಾರ್ಗರೆಟ್, ನಿವೃತ್ತ ಟೀಚರು, ಎಪ್ಪತ್ತು ದಾಟಿದೆ. ನನ್ನ ಪಕ್ಕದ ಕುರ್ಚಿ ಡೆನ್ನಿಸ್ ಎಂಬವರದು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಒಂದು ಕಿವಿ ಕೇಳಿಸುವುದಿಲ್ಲ.

ಎರಡನೇ ಅಲೆಕ್ಸಾಂಡರ್ ೧೮೬೧ರಲ್ಲಿ ಜಮೀನ್ದಾರರ ಕೈಕೆಳಗಿದ್ದ ಜೀತದ ರೈತರನ್ನು ಬಿಡುಗಡೆ ಮಾಡಿದ. ಕೆಳಗಿನವರು ಕಿತ್ತುಕೊಳ್ಳುವ ತನಕ ಕಾಯುವ ಬದಲು ಮೇಲಿನವರೇ ಕೊಡುವುದು ಕ್ಷೇಮ ಎಂಬುದು ಅವನ ಲೆಕ್ಕಾಚಾರ. "ನಮ್ಮ ಡಿಪೋ ಮ್ಯಾನೇಜರೂ ಇದನ್ನೇ ಹೇಳುತ್ತಿದ್ದ" ಎಂದರು ಡೆನ್ನಿಸ್, ಅಗತ್ಯಕ್ಕಿಂತ ಜೋರಾಗಿ. ನಾನು ನಕ್ಕೆ. ಆಮೇಲೆ ಟ್ಯೂಬ್ ರೈಲಿನಲ್ಲಿ ಕೂತಾಗ ನೆನಪಾಯಿತು, ಬೆಳಿಗ್ಗೆಯಿಂದ ಅದೇ ಮೊದಲು ನನ್ನ ಬಾಯಿಂದ ಕೆಲಸಕ್ಕೆ ಸಂಬಂಧಿಸದ ಒಂದು ಸದ್ದು ಹೊರಟದ್ದು.

೧೬ ಜನವರಿ, ಗುರುವಾರ

ವಿಶೇಷವೇನಿಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆಯ ಮುಖ್ಯಸ್ಥರು ಹೊಸವರ್ಷಕ್ಕೆ ಕೆಲಸ ಬಿಟ್ಟರಲ್ಲ, ಅವರು ಶುರುಮಾಡಿದ್ದ 'ಮುಕ್ತ ಬುಧವಾರ'ವೂ ಈ ವಾರದಿಂದ ನಿಂತಿತು. ಬುಧವಾರ ಮಧ್ಯಾಹ್ನ ಯಾರು ಬೇಕಾದರೂ, ನೆಲ ಒರೆಸುವವರೂ, ಅವರ ಕೋಣೆಗೆ ಹೋಗಿ ಇಲ್ಲಿ ಏನು ಸರಿಯಿಲ್ಲ ಅಂತ ಹೇಳಬಹುದಿತ್ತು. ಒಂದು ವರ್ಷ ನಡೆಯಿತು. ಡಿಸೆಂಬರಿನಲ್ಲಿ ಮಕ್ಕಳ ವಾರ್ಡಿನಲ್ಲಿ ಆರು ವರ್ಷದ ಹುಡುಗಿ ತೀರಿಕೊಂಡ ಮೇಲೆ ಯಾರಿಗೂ ಮಾತು ಬೇಡವಾಗಿದೆ. ಪೋಸ್ಟರ್ ತೆಗೆದ ಕಡೆ ಗೋಡೆಯ ಬಣ್ಣ ಬೇರೆ ಕಾಣುತ್ತದೆ.

ಅಕ್ಟೋಬರಿನ ಸುರಕ್ಷತಾ ಸಭೆಯ ನಡಾವಳಿ ಇನ್ನೂ ಕರಡಿನಲ್ಲೇ ಇದೆ, ಮುಗಿಸಿಬಿಡು ಎಂದಳು ಜೂಡಿತ್. ನನ್ನ ಮೇಲಧಿಕಾರಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಒಂದು ವಾಕ್ಯ ತುಂಬ ಉದ್ದವಾಯಿತು ಎಂದಳು. ಸರಿಪಡಿಸಿದೆ. ಸಭೆಗಳಲ್ಲಿ ಕೂತು ನಡಾವಳಿ ಬರೆಯುವುದೇ ನನ್ನ ಉದ್ಯೋಗ. ಈ ಹನ್ನೊಂದು ವರ್ಷದಲ್ಲಿ ಇಂಥ ಎಷ್ಟು ವಾಕ್ಯ ಸರಿಪಡಿಸಿದ್ದೇನೋ.

೨೮ ಜನವರಿ, ಮಂಗಳವಾರ

ಇಂದು ನ್ಯಾಯಾಲಯಗಳ ಪಾಠ. ೧೮೬೪ಕ್ಕೆ ಮೊದಲು ರಷ್ಯಾದಲ್ಲಿ ಮುಚ್ಚಿದ ಬಾಗಿಲ ಹಿಂದೆ, ಗುಮಾಸ್ತರು ಬರೆದಿಟ್ಟ ಕಾಗದ ನೋಡಿಕೊಂಡೇ ತೀರ್ಪು ಕೊಡುತ್ತಿದ್ದರಂತೆ. ಆರೋಪಿಯ ಮುಖವನ್ನೂ ನೋಡಬೇಕಾಗಿರಲಿಲ್ಲ. ಕಾಗದದಲ್ಲಿ ಏನಿದೆಯೋ ಅದೇ ನಿಜ. ಅಲೆಕ್ಸಾಂಡರ್ ಬಾಗಿಲು ತೆರೆಸಿದ, ವಕೀಲರನ್ನು ತಂದ, ಊರಿನ ಸಾಮಾನ್ಯ ಜನರನ್ನು ತೀರ್ಪು ಹೇಳುವ ಜ್ಯೂರಿಯಾಗಿ ಕೂರಿಸಿದ.

ವಿರಾಮದಲ್ಲಿ ಮಾರ್ಗರೆಟ್ ನನ್ನ ಕೆಲಸ ಕೇಳಿದರು. ಹೇಳಿದೆ. "ಹಾಗಾದರೆ ನೀವೇ ನಮ್ಮ ಇತಿಹಾಸದ ಆಕರ" ಎಂದು ಚಹಾದ ಲೋಟ ಎತ್ತಿದರು. ನನಗೆ ಯಾಕೋ ಇರಿಸುಮುರಿಸಾಯಿತು.

೩ ಫೆಬ್ರವರಿ, ಸೋಮವಾರ

ಡಾಕ್ಟರ್ ಚಂದ್ರಶೇಖರ್ ಅವರನ್ನು ಅಮಾನತು ಮಾಡಿದ್ದಾರೆ. ಧಾರವಾಡದವರು, ಮಕ್ಕಳ ವಿಭಾಗದ ಹಿರಿಯ ಡಾಕ್ಟರು, ಇಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ಆ ಹುಡುಗಿ ಅವರ ಜವಾಬ್ದಾರಿಯಲ್ಲಿದ್ದಳಂತೆ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ರಜನಿಯವರ, ಆರಾಮ ಇದ್ದೀರೇನ್ರಿ?" ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ನನ್ನ ಜೊತೆ ಕನ್ನಡ ಆಡುವ ಒಬ್ಬರೇ ಮನುಷ್ಯ. ಇಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಕೆಳಗಿಳಿಯುತ್ತಿದ್ದರು. ನಾನು ಆ ಲಿಫ್ಟಿಗೆ ಹತ್ತಲಿಲ್ಲ. ಕೈಯಲ್ಲಿ ಫೈಲುಗಳಿದ್ದವು, ಜಾಗ ಸಾಲುತ್ತಿರಲಿಲ್ಲ.

೧೧ ಫೆಬ್ರವರಿ, ಮಂಗಳವಾರ

ಇಪ್ಪತ್ತಾರು ವರ್ಷ ಕೊಟ್ಟೂ ಹಿಡಿದೂ ಆಳಿದ ಅಲೆಕ್ಸಾಂಡರನನ್ನು ೧೮೮೧ರ ಮಾರ್ಚಿನಲ್ಲಿ ಬಾಂಬು ಹಾಕಿ ಕೊಂದರು. ಅದೇ ದಿನ ಬೆಳಿಗ್ಗೆ ಅವನು ಆಯ್ಕೆಯಾದ ಪ್ರತಿನಿಧಿಗಳನ್ನು ಸರ್ಕಾರದ ಸಮಾಲೋಚನೆಗೆ ಕರೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದ. ವಾರ ಕಳೆಯುತ್ತಲೇ ಮಗ, ಮೂರನೇ ಅಲೆಕ್ಸಾಂಡರ್, ಮಂತ್ರಿಗಳ ಸಭೆ ಕರೆದ. ಅಪ್ಪನ ಯೋಜನೆಯ ಪರ ಹಲವರು ಮಾತಾಡಿದರು, ವಿರುದ್ಧ ಕೆಲವರು. ಕೊನೆಗೆ ಯೋಜನೆ ಬಿದ್ದುಹೋಯಿತು.

ನಾನು ಕೈ ಎತ್ತಿದೆ. "ಆ ಸಭೆಯಲ್ಲಿ ಯಾರು ಏನು ಹೇಳಿದರು ಅಂತ ಬರೆದುಕೊಂಡವರು ಯಾರು?"

ಮಾರ್ಗರೆಟ್ ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನೋಡಿ ಹೇಳುತ್ತೇನೆ."

ಇಡೀ ದಾರಿ ಅದೇ ತಲೆಯಲ್ಲಿ. ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಯಾವನೋ ಒಬ್ಬ.

೧೪ ಫೆಬ್ರವರಿ

ಕೆಲಸ. ಮನೆ. ಅನ್ನ, ಮೊಸರು.

೨೫ ಫೆಬ್ರವರಿ, ಮಂಗಳವಾರ

ಮೂರನೇ ಅಲೆಕ್ಸಾಂಡರ್. ಅಪ್ಪ ಕೊಟ್ಟದ್ದನ್ನು ಒಂದೇಟಿಗೆ ಕಿತ್ತುಕೊಳ್ಳಲಿಲ್ಲ. ಒಂದೊಂದೇ ತಿರುಪು ಬಿಗಿಮಾಡುತ್ತಾ ಬಂದ. ಹಳ್ಳಿಗಳಲ್ಲಿ ಆಯ್ಕೆಯಾದ ನ್ಯಾಯಾಧೀಶರನ್ನು ತೆಗೆದು ಮೇಲಿನಿಂದ ನೇಮಿಸಿದ ಅಧಿಕಾರಿಗಳನ್ನು ಕೂರಿಸಿದ. ಗಾಡಿ ಹೊಡೆಯುವವರ, ಅಡುಗೆಯವರ, ಬಟ್ಟೆ ಒಗೆಯುವವರ ಮಕ್ಕಳನ್ನು ಹೈಸ್ಕೂಲಿಗೆ ಸೇರಿಸಿಕೊಳ್ಳುವುದು ಬೇಡ ಎಂದು ಸುತ್ತೋಲೆ ಹೊರಟಿತು. ಡೆನ್ನಿಸ್ ಅವರ ತಾಯಿ ಶಾಲೆಯ ಅಡುಗೆಯವಳಂತೆ.

"ಹೀಗೆಲ್ಲ ಸುತ್ತೋಲೆ ಬರುವಾಗ ಕೆಳಗಿನ ಕಚೇರಿಗಳಲ್ಲಿ ಯಾರೂ ಬೇಡ ಅನ್ನಲಿಲ್ಲವೇ?" ಎಂದು ಒಬ್ಬರು ಕೇಳಿದರು. "ಅವರಿಗೆ ಸಂಬಳ ಬರುತ್ತಿತ್ತಲ್ಲ" ಎಂದರು ಮಾರ್ಗರೆಟ್.

೬ ಮಾರ್ಚ್, ಗುರುವಾರ

ಜೂಡಿತ್ ಒಂದು ಪತ್ರ ತಂದು ಮೇಜಿನ ಮೇಲಿಟ್ಟಳು. ಡಾಕ್ಟರ್ ಚಂದ್ರಶೇಖರ್ ಅವರ ವಿಚಾರಣೆ ಏಪ್ರಿಲ್ ಒಂಬತ್ತಕ್ಕೆ. ನಾನು ಸಾಕ್ಷಿ.

"ಗಾಬರಿಪಡಬೇಡ. ಅಕ್ಟೋಬರಿನ ನಡಾವಳಿ ತೋರಿಸುತ್ತಾರೆ, ಇದೇ ಅಂಗೀಕೃತ ಪ್ರತಿ ಅಂತ ನೀನು ಹೇಳಬೇಕು. ಎರಡು ನಿಮಿಷ."

"ಅದನ್ನು ಯಾಕೆ ಕೇಳುತ್ತಾರೆ?"

"ರಾತ್ರಿ ಪಾಳಿಯ ವಿಷಯ ಮುಂಚೆಯೇ ಎಚ್ಚರಿಸಿದ್ದೆ ಅಂತ ಅವರು ಹೇಳುತ್ತಿದ್ದಾರೆ. ನಡಾವಳಿಯಲ್ಲಿ ಹಾಗೇನೂ ಇಲ್ಲ."

ಇಲ್ಲ, ನಿಜ. ಈಗ "ಸಿಬ್ಬಂದಿಯ ಕುರಿತು ಚರ್ಚೆ ನಡೆಯಿತು" ಅಂತ ಮಾತ್ರ ಇದೆ. ಮನೆಗೆ ಬಂದು ನನ್ನ ನೋಟ್‌ಬುಕ್ಕು ತೆಗೆದೆ. ಸಭೆಯಲ್ಲಿ ನಾನು ಕನ್ನಡದಲ್ಲೇ ಗೀಚಿಕೊಳ್ಳುತ್ತೇನೆ. ಬೇಗ ಆಗುತ್ತದೆ, ಪಕ್ಕದವರು ಇಣುಕಿದರೂ ತಿಳಿಯುವುದಿಲ್ಲ. ಅಕ್ಟೋಬರ್ ಹದಿನೈದರ ಪುಟದಲ್ಲಿ ಹೀಗಿದೆ: "ಚಂ: ರಾತ್ರಿ ಎರಡು ವಾರ್ಡಿಗೆ ಒಬ್ಬನೇ ಡಾಕ್ಟರು. ಮೂರನೇ ಸಲ ಹೇಳುತ್ತಿದ್ದೇನೆ. ಹೀಗೇ ಬಿಟ್ಟರೆ ಈ ಚಳಿಗಾಲ ಮುಗಿಯುವುದರೊಳಗೆ ಒಂದು ಮಗುವನ್ನು ಕಳಕೊಳ್ಳುತ್ತೇವೆ. ಇದನ್ನು ಬರಕೊಳ್ಳಿ."

ಬರಕೊಳ್ಳಿ ಎಂದಾಗ ಅವರು ನನ್ನ ಕಡೆ ನೋಡಿದ್ದರು. ಬರೆದುಕೊಂಡಿದ್ದೆ. ಜನವರಿಯಲ್ಲಿ, ಉದ್ದವಾಯಿತೆಂದು, ತೆಗೆದೆ.

೧೧ ಮಾರ್ಚ್, ಮಂಗಳವಾರ

ಕೊನೆಯ ಕ್ಲಾಸಿಗೆ ಪ್ರತಿಯೊಬ್ಬರೂ ಹತ್ತು ನಿಮಿಷ ಮಾತಾಡಬೇಕಂತೆ. ಡೆನ್ನಿಸ್ ರೈಲ್ವೆ ತೆಗೆದುಕೊಂಡರು. ನನಗೆ ಮಾರ್ಗರೆಟ್ ೧೮೭೮ರ ಒಂದು ಮೊಕದ್ದಮೆ ಕೊಟ್ಟರು. ಬೇಡ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ಪುಸ್ತಕವನ್ನು ಕೈಗಿಟ್ಟಾಗಿತ್ತು.

೧೯ ಮಾರ್ಚ್, ಬುಧವಾರ

ಕ್ಯಾಂಟೀನಿನಲ್ಲೂ ಅದನ್ನೇ ಓದಿದೆ. ಪೀಟರ್ಸ್‌ಬರ್ಗಿನ ಅಧಿಕಾರಿ ಜನರಲ್ ತ್ರೆಪೋವ್, ತನ್ನೆದುರು ಟೋಪಿ ತೆಗೆಯಲಿಲ್ಲವೆಂದು ಒಬ್ಬ ಕೈದಿಗೆ ಛಡಿಯೇಟು ಹಾಕಿಸಿದ. ವೇರಾ ಜಸೂಲಿಚ್ ಎಂಬ ಯುವತಿ, ಆ ಕೈದಿಯ ಪರಿಚಯವೂ ಇಲ್ಲದವಳು, ಅರ್ಜಿ ಕೊಡುವ ನೆಪದಲ್ಲಿ ಹೋಗಿ ಜನರಲ್‌ಗೆ ಗುಂಡು ಹೊಡೆದಳು. ಅವನು ಬದುಕಿದ. ಅವಳು ಹೊಡೆದದ್ದು ಎಲ್ಲರಿಗೂ ಗೊತ್ತು, ಅವಳೂ ಒಪ್ಪಿಕೊಂಡಳು. ಶಿಕ್ಷೆ ಖಂಡಿತ ಅಂದುಕೊಂಡು ಸರ್ಕಾರ ಮಾಮೂಲಿ ಜ್ಯೂರಿಯ ಮುಂದೆ ಮೊಕದ್ದಮೆ ನಡೆಸಿತು. ಜ್ಯೂರಿ 'ಅಪರಾಧಿಯಲ್ಲ' ಎಂದಿತು.

ಗುಂಡು ಹೊಡೆಯುವುದು ನನಗೆ ಹಿಡಿಸುವುದಿಲ್ಲ. ಆದರೆ ಒಂದು ಸಾಲಿನ ಮುಂದೆ ಹೋಗಲಾಗಲಿಲ್ಲ: ಆ ಜ್ಯೂರಿಯಲ್ಲಿ ಹೆಚ್ಚಿನವರು ಕೆಳದರ್ಜೆಯ ಸರ್ಕಾರಿ ನೌಕರರು.

೨೫ ಮಾರ್ಚ್, ಮಂಗಳವಾರ

ಮಾತಾಡಿದೆ. ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು.

ವೇರಾಳ ಬಗ್ಗೆ ಸ್ವಲ್ಪವೇ ಹೇಳಿದೆ. ಕೋರ್ಟಿನಲ್ಲಿ ಜನ ಕೂಗಾಡಿ ಕುಣಿದದ್ದು, ಪೊಲೀಸರು ಅವಳನ್ನು ಮತ್ತೆ ಹಿಡಿಯಲು ನೋಡಿದ್ದು, ಅವಳು ದೇಶ ಬಿಟ್ಟು ಪಾರಾದದ್ದು. ಅಧಿಕಾರಿಗಳ ಮೇಲಿನ ಹಲ್ಲೆಯ ಕೇಸುಗಳು ಇನ್ನು ಜ್ಯೂರಿಗೆ ಬೇಡ ಎಂದು ಕೆಲವೇ ವಾರದಲ್ಲಿ ಕಾನೂನು ಬಂದದ್ದು. ಅಂದರೆ ಬಾಗಿಲು ತೆರೆಸಿದ ತ್ಸಾರನೇ ಅದನ್ನು ಮುಚ್ಚತೊಡಗಿದ, ಮಗನ ಕಾಲದ ತನಕ ಕಾಯಲಿಲ್ಲ. ಉಳಿದ ಹೊತ್ತೆಲ್ಲ ಜ್ಯೂರಿಯಲ್ಲಿದ್ದ ಆ ಗುಮಾಸ್ತರ ಬಗ್ಗೆಯೇ ಮಾತಾಡಿದೆ.

"ಅವರು ವೀರರಲ್ಲ" ಎಂದೆ. "ಬಾಡಿಗೆಮನೆ, ಮೇಲಧಿಕಾರಿ, ಕೆಮ್ಮುವ ಮಗು, ಎಲ್ಲ ಇದ್ದವರು. ತೀರ್ಪು ಹೊರಬಿದ್ದದ್ದು ಶುಕ್ರವಾರ. ಚಪ್ಪಾಳೆ ಹೊಡೆದ ಜನ ಮನೆಗೆ ಹೋದರು. ಇವರು ಮರುದಿನ ಅದೇ ಸರ್ಕಾರದ ಕಚೇರಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂರಬೇಕಿತ್ತಲ್ಲ. ಹೇಗೆ ಹೋದರು? ಪಕ್ಕದ ಮೇಜಿನವನು ಏನೆಂದ?"

"ಬೇಗನೇ ಹೋಗಿರುತ್ತಾರೆ" ಎಂದರು ಡೆನ್ನಿಸ್. "ನಮ್ಮ ಮುಷ್ಕರ ಮುಗಿದ ಮರುದಿನ ನಾನು ಹಾಗೇ ಮಾಡಿದೆ. ಎಲ್ಲರೂ ಕೂತಿರುವಾಗ ಒಳಗೆ ನಡೆದುಹೋಗುವುದು ಬಹಳ ಕಷ್ಟ."

ಅವರಲ್ಲಿ ಹೆಚ್ಚಿನವರಿಗೆ ಏನಾಯಿತೋ ತನಗೆ ತಿಳಿಯದು ಎಂದರು ಮಾರ್ಗರೆಟ್. ಆಮೇಲೆ ಎಲ್ಲರೂ ಬಿಸ್ಕತ್ತು ತಿಂದರು. ಕ್ಲಾಸು ಮುಗಿಯಿತು. ಡೆನ್ನಿಸ್ ಕೈ ಕುಲುಕಿ ಎಡ್ಜ್‌ವೇರ್ ಬಸ್ಸಿಗೆ ಹೋದರು. ಇನ್ನು ಮಂಗಳವಾರಗಳಿಗೆ ಏನು ಮಾಡುವುದೋ ಗೊತ್ತಿಲ್ಲ.

೩೦ ಮಾರ್ಚ್, ಭಾನುವಾರ

ಯುಗಾದಿ. ನಾಲ್ಕು ವರ್ಷದಲ್ಲಿ ಮೊದಲ ಸಲ ಕನ್ನಡದವರ ಕೂಟಕ್ಕೆ ಹೋದೆ. ಹ್ಯಾರೋ ಹತ್ತಿರದ ಶಾಲೆಯ ಹಾಲು. ಹಳೇ ಪರಿಚಯದ ಇಬ್ಬರು "ಓ ರಜನಿ, ಹೇಗಿದೀರಾ?" ಎಂದು ಉತ್ತರ ಕೇಳಿಸಿಕೊಳ್ಳುವ ಮೊದಲೇ ಮುಂದೆ ಹೋದರು. ಮಕ್ಕಳು ಇಂಗ್ಲಿಷಿನಲ್ಲಿ ಕಿರಿಚುತ್ತಿದ್ದವು. ತಟ್ಟೆ ಹಿಡಿದು ಕಂಬದ ಪಕ್ಕ ನಿಂತೆ.

ಆಗ ಅವರನ್ನು ಕಂಡೆ. ಎಂಟು ಜನ ಕೂರುವ ಮೇಜಿನಲ್ಲಿ ಚಂದ್ರಶೇಖರ್ ಮತ್ತು ಅವರ ಹೆಂಡತಿ ಇಬ್ಬರೇ. ಅರ್ಧ ಹಾಲು ಡಾಕ್ಟರುಗಳೇ, ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಆ ಮೇಜಿನ ಸುತ್ತ ಜನ, ನೀರು ಬಂಡೆಯನ್ನು ಬಳಸಿಕೊಂಡು ಹೋಗುವಂತೆ, ಹೋಗುತ್ತಿದ್ದರು. ನಾನು ತಿರುಗಿ ಬಾಗಿಲ ಕಡೆ ಹೊರಟೆ. ಹೆಂಡತಿ ಎದ್ದು ಬಂದು ಮೊಣಕೈ ಹಿಡಿದರು. ಕಲ್ಯಾಣಿಯಂತೆ ಹೆಸರು.

"ಒಬ್ಬರ ನಿಂತೀರಲ್ಲ, ಯಾಕ್ರೀ? ಬರ್ರಿ, ನಮ್ಮ ಜೋಡಿ ಕೂಡ್ರಿ."

"ಇಲ್ಲ, ನಾನು ಹೊರಟೆ..."

"ಹೋಳಿಗಿ ತಿನ್ನದ ಹೋಗ್ತಾರೇನ್ರಿ ಹಬ್ಬದ ದಿನಾ?"

ಕೂತೆ. ಕಲ್ಯಾಣಿ ನನ್ನ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಇನ್ನೊಂದು ಹಾಕಿದರು. ಚಂದ್ರಶೇಖರ್ ಬಹಳ ಇಳಿದುಹೋಗಿದ್ದಾರೆ. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ಕಾಣುತ್ತಿತ್ತು.

"ನೀವು ಸಾಕ್ಷಿಗೆ ಬರ್ತೀರಂತ" ಎಂದರು, ತಟ್ಟೆ ನೋಡುತ್ತಲೇ. "ಪತ್ರದಾಗ ಹೆಸರು ನೋಡಿದೆ. ನಾ ಏನೂ ಕೇಳಂಗಿಲ್ಲ, ಕೇಳಬಾರದು ಕೂಡ. ನೀವರ ಬರಕೊಂಡಿದ್ದಿರಿ ಅಂತ ನನಗ ಗೊತ್ತದ. ಅಷ್ಟ ಸಾಕು."

ಕಲ್ಯಾಣಿ ಅವರ ಕೈಮೇಲೆ ಕೈಯಿಟ್ಟು, "ಇವರಿಗೆ ನಿದ್ದಿ ಇಲ್ರೀ ಎರಡು ತಿಂಗಳಾತು. ಆ ಹುಡುಗಿ ಹೆಸರು ಕನವರಸ್ತಾರ" ಎಂದರು.

ಎರಡು ಹೋಳಿಗೆಯನ್ನೂ ತಿಂದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮನೆಗೆ ಬಂದು ನೋಟ್‌ಬುಕ್ಕಿನ ಅಕ್ಟೋಬರಿನ ಪುಟ ಮತ್ತೆ ತೆರೆದೆ.

೧ ಏಪ್ರಿಲ್, ಮಂಗಳವಾರ

ಜೂಡಿತ್ ಕೋಣೆಗೆ ಹೋಗಿ ಅಕ್ಟೋಬರಿನ ನಡಾವಳಿ ಮತ್ತೆ ತೆರೆಯಬೇಕು ಎಂದೆ. ನಾನು ವಾಕ್ಯ ಅಳಿಸಿದ್ದೇನೆ ಎಂದೆ.

"ನೀನು ಅಳಿಸಿಲ್ಲ, ಚಿಕ್ಕದು ಮಾಡಿದೆ. ಸಮಿತಿ ಅದನ್ನು ಅಂಗೀಕರಿಸಿದೆ. ಅಂಗೀಕರಿಸಿದ ಮೇಲೆ ಅದೇ ನಡಾವಳಿ."

"ಅವರು ಹೇಳಿದ್ದು ಅದಲ್ಲವಲ್ಲ."

ಅವಳು ಎದ್ದು ಬಾಗಿಲು ಮುಚ್ಚಿದಳು. ಸಿಟ್ಟಾಗಿರಲಿಲ್ಲ, ಸುಸ್ತಾದವಳ ಹಾಗೆ ಕಂಡಳು. "ರಜನಿ, ಆ ವಾಕ್ಯ ತೆಗೆಸು ಅಂತ ನನಗೂ ಯಾರೋ ಹೇಳಿದರು. ಬೇಡ ಅಂದಿದ್ದರೆ ನಾನು ಇವತ್ತು ಈ ಕೋಣೆಯಲ್ಲಿ ಇರುತ್ತಿರಲಿಲ್ಲ. ನನಗೆ ಇಬ್ಬರು ಮಕ್ಕಳು. ನಿನಗೂ ಬೇರೆ ಆಧಾರವಿಲ್ಲ. ಎರಡು ನಿಮಿಷದ ಮಾತು. ಅಂಗೀಕೃತ ಪ್ರತಿ ಇದೇನಾ ಅಂದರೆ ಹೌದು ಅನ್ನು. ಅದು ಸುಳ್ಳೂ ಅಲ್ಲ."

ಅವಳು ಹೇಳಿದ್ದು ಸರಿ. ಅದು ಸುಳ್ಳಲ್ಲ.

೮ ಏಪ್ರಿಲ್, ಮಂಗಳವಾರ

ಕ್ಲಾಸಿಲ್ಲ. ಆದರೂ ಕಿಂಗ್ಸ್‌ಬರಿಯಲ್ಲಿ ಇಳಿದು ಲೈಬ್ರರಿಯ ತನಕ ನಡೆದು ಬಂದೆ. ಮಹಡಿಯಲ್ಲಿ ದೀಪವಿತ್ತು. ಯಾರೋ ಬೇರೆಯವರು, ಸ್ಪ್ಯಾನಿಷ್ ಕಲಿಯುತ್ತಿದ್ದರು.

೯ ಏಪ್ರಿಲ್, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಲ್ಕನೇ ಮಹಡಿಯ ಉದ್ದ ಕೋಣೆ. ಮೂವರು ವಿಚಾರಣೆಯವರು, ನಡುವೆ ಬಿಳಿಗೂದಲಿನ ಅಧ್ಯಕ್ಷೆ, ಹೊರಗಿನಿಂದ ಬಂದವರು. ಒಂದು ಕಡೆ ಆಸ್ಪತ್ರೆಯ ವಕೀಲ ಮತ್ತು ಜೂಡಿತ್. ಇನ್ನೊಂದು ಕಡೆ ಚಂದ್ರಶೇಖರ್ ಮತ್ತು ಅವರ ಯೂನಿಯನ್ನಿನವರು. ಮೂಲೆಯಲ್ಲಿ ನಾನು ಗುರುತಿಸದ ಒಬ್ಬ ಹೆಂಗಸು ನಡಾವಳಿ ಬರೆಯುತ್ತಿದ್ದಳು. ಕೋಣೆಗೆ ಹೋದಾಗ ಮೊದಲು ಅವಳನ್ನೇ ನೋಡಿದೆ.

ವಕೀಲ ಕಾಗದ ಮುಂದಿಟ್ಟ. "ಇದು ಅಕ್ಟೋಬರ್ ಹದಿನೈದರ ಸಭೆಯ ಅಂಗೀಕೃತ ನಡಾವಳಿಯೇ?"

"ಹೌದು."

"ಧನ್ಯವಾದ, ಅಷ್ಟೇ."

ಅಷ್ಟೇ ಆಗಿತ್ತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೂ ಆಗಿತ್ತು. "ಅಂಗೀಕೃತ ಅಷ್ಟೇ, ನಿಜವಲ್ಲ" ಎಂದೆ. ನನ್ನ ಧ್ವನಿ ಡೆನ್ನಿಸ್ ಅವರ ಹಾಗೆ ಅಗತ್ಯಕ್ಕಿಂತ ಜೋರಾಗಿತ್ತು. "ಅದರಲ್ಲಿ ನಾನು ಸುಳ್ಳು ಬರೆದಿದ್ದೇನೆ."

ಅಧ್ಯಕ್ಷೆ ಕೂರಲು ಹೇಳಿದರು. ನೋಟ್‌ಬುಕ್ಕು ಕೊಟ್ಟೆ. ತಿರುವಿ ನೋಡಿ, "ಇದು ಯಾವ ಭಾಷೆ?" ಎಂದರು.

"ಕನ್ನಡ. ನನ್ನ ಭಾಷೆ."

"ಇಲ್ಲಿ ಇದನ್ನು ಓದಬಲ್ಲವರು ಬೇರೆ ಯಾರಿದ್ದಾರೆ?"

ನಾನು ಚಂದ್ರಶೇಖರ್ ಕಡೆ ನೋಡಿದೆ. ಅವರು ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಓದಬಲ್ಲವರು ಅವರೊಬ್ಬರೇ ಎಂದು ಅಧ್ಯಕ್ಷೆಗೆ ಅರ್ಥವಾಯಿತು. "ಸರಿ, ಅನುವಾದಕರಿಗೆ ಕಳಿಸೋಣ. ಈಗ ನೀವೇ ಓದಿ ಹೇಳಿ."

ಮೊದಲು ಕನ್ನಡದಲ್ಲಿ ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಮಗುವನ್ನು ಕಳಕೊಳ್ಳುತ್ತೇವೆ ಎಂಬಲ್ಲಿ ಚಂದ್ರಶೇಖರ್ ಮುಖ ಮುಚ್ಚಿಕೊಂಡರು.

ಇದನ್ನು ನಿನ್ನೆ ರಾತ್ರಿ ಬರೆದಿಲ್ಲ ಎಂಬುದಕ್ಕೆ ಏನು ಖಾತರಿ ಎಂದ ವಕೀಲ. ಆ ಪುಟದ ಹಿಂದೆಯೂ ಮುಂದೆಯೂ ಒಂದು ವರ್ಷದ ಸಭೆಗಳಿವೆ, ಎಲ್ಲವನ್ನೂ ಅನುವಾದ ಮಾಡಿಸಿ ಎಂದೆ. ಬದಲಿಸು ಅಂದವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಹೇಳಿದೆ. ಅವಳಿಗೂ ಯಾರೋ ಹೇಳಿದರಂತೆ, ಅದನ್ನೂ ಹೇಳಿದೆ. ಜೂಡಿತ್ ನನ್ನ ಕಡೆ ನೋಡಲಿಲ್ಲ. ಬದಲಿಸಿದ ಕೈ ಯಾರದು ಎಂದು ಅವರು ಕೇಳಲಿಲ್ಲ, ಆದರೂ ನನ್ನದು ಎಂದೆ.

ಸಂಜೆ ಐದಕ್ಕೆ ತಿಳಿಸಿದರು: ಅನುವಾದವೂ ಹಾಗೇ ಇದ್ದರೆ ಎಂಬ ಷರತ್ತಿನೊಡನೆ, ಡಾಕ್ಟರು ಮುಂಚೆಯೇ ಎಚ್ಚರಿಸಿದ್ದರು ಎಂಬುದನ್ನು ವಿಚಾರಣಾ ಸಮಿತಿ ಒಪ್ಪಿದೆ, ಅವರ ಮೇಲಿನ ಆರೋಪ ಬಿದ್ದುಹೋಗಿದೆ. ನನ್ನ ಮೇಲೆ ಬೇರೆ ವಿಚಾರಣೆ.

೧೦ ಏಪ್ರಿಲ್, ಗುರುವಾರ

ಏಳಕ್ಕೇ ಹೋದೆ. ಕೂತೆ. ಒಬ್ಬೊಬ್ಬರೇ ಬಂದರು. ಮಧ್ಯಾಹ್ನ ನನ್ನನ್ನು ಬಿಟ್ಟು ಎಲ್ಲರಿಗೂ ಚಹಾ ಬಂತು.

೧೭ ಏಪ್ರಿಲ್, ಗುರುವಾರ

ಕಲ್ಯಾಣಿ ಫೋನು ಮಾಡಿದರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆನೇ? ಅಂದುಕೊಂಡೆ, ಬರೆಯುವುದಕ್ಕೇನು.

"ಜನವರಿಯೊಳಗ ನಿಮಗ ಗೊತ್ತಿತ್ತು. ನಮ್ಮ ಮನಿಯವರು ಪೆಟಗಿ ಹೊತಗೊಂಡು ಹೊರಗ ಬಂದಾಗೂ ಗೊತ್ತಿತ್ತು. ನಾ ಹೋಳಿಗಿ ಬಡಿಸಿದಾಗ ಕೂತು ತಿಂದ್ರಿ. ಹೆಂಗ ತಿಂದ್ರಿ, ರಜನಿ?"

"ತಪ್ಪಾಯ್ತು."

"ತಪ್ಪಾತು ಅಂದ್ರ ಆತೇನ್ರಿ?" ಅಳುತ್ತಿದ್ದರು. ಹಿಂದಿನಿಂದ ಅವರ ಗಂಡ "ಬಿಡ, ಸಾಕು ಬಿಡ" ಅನ್ನುವುದು ಕೇಳಿಸಿತು. "ಅವರು ಕಾರ್ಡಿಫ್‌ಗೆ ಹೊಂಟಾರ. ಇಲ್ಲೆ ಇನ್ನ ಕೆಲಸಾ ಮಾಡಂಗಿಲ್ಲಂತ. ಇಷ್ಟ ಹೇಳಬೇಕಾಗಿತ್ತು ನಾ."

ಫೋನಿಟ್ಟರು.

೬ ಮೇ, ಮಂಗಳವಾರ

ಲಿಖಿತ ಎಚ್ಚರಿಕೆ, ಒಂದು ದರ್ಜೆ ಕೆಳಗೆ. ಇನ್ನು ಸಭೆಗಳಿಗೆ ಹೋಗುವಂತಿಲ್ಲ. ನೆಲಮಾಳಿಗೆಯಲ್ಲಿ ಹಳೇ ಕಡತ ಸ್ಕ್ಯಾನ್ ಮಾಡಬೇಕು. ಜೂಡಿತ್ ರಜೆಯಲ್ಲಿದ್ದಾಳೆ, ಅವಳ ವಿಚಾರಣೆಯೂ ನಡೆದಿದೆಯಂತೆ. ಅವಳಿಗೆ ಹೇಳಿದವರು ಅವರವರ ಕೋಣೆಯಲ್ಲೇ ಇದ್ದಾರೆ.

ಲೈಬ್ರರಿಯಿಂದ ಮೂರನೇ ಅಲೆಕ್ಸಾಂಡರನ ಮಗ, ಕೊನೆಯ ತ್ಸಾರ ನಿಕೋಲಸನ ಬಗ್ಗೆ ಪುಸ್ತಕ ತಂದೆ. 'ನಮಗೂ ಸ್ವಲ್ಪ ಮಾತಾಡಲು ಬಿಡಿ' ಎಂಬ ಆಸೆಯಲ್ಲಿದ್ದ ಸ್ಥಳೀಯ ಸಭೆಗಳವರಿಗೆ, ಅವೆಲ್ಲ ಅರ್ಥವಿಲ್ಲದ ಕನಸು ಎಂದು ಎದುರಿಗೇ ಹೇಳಿದನಂತೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. ನಾಳೆ ಮುಂದಕ್ಕೆ ಓದಬೇಕು.

೨೪ ಮೇ, ಶನಿವಾರ

ತೀರಿಕೊಂಡ ಹುಡುಗಿಯ ತಾಯಿ ನನ್ನನ್ನು ನೋಡಬೇಕೆಂದಿದ್ದರು. ವಿಚಾರಣೆಯ ವರದಿಯ ಪ್ರತಿ ಅವರಿಗೂ ಹೋಗಿತ್ತು. ಒಪ್ಪಬೇಕಾಗಿಲ್ಲ ಎಂದು ಆಸ್ಪತ್ರೆಯವರು ಎರಡು ಸಲ ತಿಳಿಸಿದರು. ಒಪ್ಪಿದೆ.

ಸ್ಟ್ರಾಟ್‌ಫರ್ಡಿನ ಪಾರ್ಕಿನಲ್ಲಿ, ನೀರಿನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಫರ್ಹಾನಾ. ಮೂವತ್ತೈದು ಇರಬಹುದು, ಕಂದು ಬಣ್ಣದ ಹಿಜಾಬು, ಮಡಿಲಲ್ಲಿ ಚೀಲ. ನಾನು ಕ್ಷಮೆ ಕೇಳುವ ಮಾತನ್ನು ಟ್ಯೂಬಿನುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು ಕೈ ಅಡ್ಡ ಹಿಡಿದರು.

"ಕ್ಷಮಿಸೋಕೆ ಬಂದಿಲ್ಲ. ಆ ಸಭೆ ಹೇಗಿತ್ತು ಅಂತ ತಿಳಿಯಬೇಕು. ಎಲ್ಲರೂ ಕಾಗದ ತೋರಿಸುತ್ತಾರೆ. ಕಣ್ಣಲ್ಲಿ ನೋಡಿದವರು ನನಗೆ ಯಾರೂ ಸಿಕ್ಕಿಲ್ಲ."

ಹೇಳಿದೆ. ಕೋಣೆ ಎಂಥದ್ದು, ಕಿಟಕಿ ತೆರೆದಿತ್ತು, ಡಾಕ್ಟರು ನಿಂತುಕೊಂಡು ಮಾತಾಡಿದರು, ಉಳಿದವರು ಕೂತಿದ್ದರು.

"ಅವರು ಆ ಮಾತು ಹೇಳಿದ ಮೇಲೆ ಏನಾಯಿತು?"

"ಸಭೆಯ ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು."

"ಏನದು, ಮುಂದಿನ ವಿಷಯ?"

ನನಗೆ ನೆನಪಿತ್ತು. ಹೇಳಬಾರದು ಅನ್ನಿಸಿತು. "ಕಾರ್ ಪಾರ್ಕಿನ ಪರ್ಮಿಟ್" ಎಂದೆ.

ಅವರು ತಲೆಯಾಡಿಸಿದರು, ಬಹಳ ದಿನದಿಂದ ಊಹಿಸಿದ್ದೇನೋ ಖಚಿತವಾದ ಹಾಗೆ. ನೀರಿನಲ್ಲಿ ಬಾತುಗಳಿದ್ದವು.

"ಕೋಣೆಯಲ್ಲಿ ಎಷ್ಟು ಜನ ಇದ್ದರು?"

"ಹನ್ನೊಂದು" ಎಂದೆ. ನಡಾವಳಿಯಲ್ಲಿ ಹಾಜರಿದ್ದವರ ಪಟ್ಟಿ ಹಾಗೇ ಇರುತ್ತದೆ.

"ನಿಮ್ಮನ್ನೂ ಸೇರಿಸಿ?"

ಬರೆಯುವವರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ. ನನ್ನನ್ನೂ ಸೇರಿಸಿದರೆ ಹನ್ನೆರಡು."

"ಹನ್ನೆರಡು" ಎಂದರು ಫರ್ಹಾನಾ. "ಸೆಪ್ಟೆಂಬರಿನಲ್ಲಿ ಸಾವಿನ ಕಾರಣ ವಿಚಾರಿಸುವ ಕೊರೋನರ್ ಮುಂದೆ ಕೇಸು ಬರುತ್ತೆ. ಅಲ್ಲೂ ಹಾಗೇ ಹೇಳುತ್ತೀರಾ?"

"ಹೇಳುತ್ತೇನೆ."

ಆಮೇಲೆ ಅವರು ಎದ್ದುಹೋಗಬಹುದಿತ್ತು, ಹೋಗಲಿಲ್ಲ. ನಾನು ಕೇಳದೆಯೇ, ಮಗಳ ಹೆಸರು ನಾದಿಯಾ ಎಂದರು. ಎಡಗೈಯಲ್ಲಿ ಬರೆಯುತ್ತಿದ್ದಳಂತೆ. ಬಟಾಣಿ ಕಂಡರೆ ಆಗುತ್ತಿರಲಿಲ್ಲ, ಒಂದೊಂದನ್ನೇ ಹೆಕ್ಕಿ ತಮ್ಮನ ತಟ್ಟೆಗೆ ಹಾಕುತ್ತಿದ್ದಳಂತೆ. ನಾನು ಏನೂ ಬರೆದುಕೊಳ್ಳಲಿಲ್ಲ, ಕೇಳುತ್ತಾ ಕೂತೆ.